ಬಿಬಿಸಿ ಮೈಕ್ರೋಗೆ ವಿಜಿಎ ತಂತಿ ಬೆಸೆಯುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಹಳೇ ಬಿಬಿಸಿ ಮೈಕ್ರೋ ಕಂಪ್ಯೂಟರ್ ಇದ್ದರೆ, ಬಣ್ಣದ ಚಿತ್ರ ಹೊರಬರುವ ಅದರ ಆರ್‌ಜಿಬಿ ಕಿಂಡಿಯಿಂದ ಮಾನಿಟರ್‌ನ ವಿಜಿಎ ಕಿಂಡಿಗೆ ನೇರ ತಂತಿ ಎಳೆಯಬೇಡಿ. ನಾವು ಎಳೆದು ಒಂದು ಒಳ್ಳೆಯ ಮಾನಿಟರ್ ಕಳೆದುಕೊಂಡೆವು.

1984ರ ಕ್ಲಾಸ್ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಕಂಪ್ಯೂಟರ್ ಇದು. ಮೇಷ್ಟ್ರಾಗಿದ್ದ ಅಪ್ಪಚ್ಚಿ (ಚಿಕ್ಕಪ್ಪ) ಹರಾಜಿನಲ್ಲಿ ಒಂದನ್ನು ತಂದು, ಶಿರಸಿ ಹತ್ತಿರದ ಮನೆಯ ಅಟ್ಟದಲ್ಲಿ ಅಡಿಕೆ ಚೀಲ ಸುತ್ತಿ ಇಟ್ಟಿದ್ದರು. ಹೋದ ಬೇಸಿಗೆಯಲ್ಲಿ ಕೆಳಗಿಳಿಸಿದೆವು. ಅಷ್ಟು ಮಳೆಗಾಲದ ತೇವ ಕುಡಿದು ಪವರ್ ಸಪ್ಲೈನ ಮೇನ್ಸ್ ಬದಿಯ ಕೆಪಾಸಿಟರ್‌ಗಳು ಬಿರುಕು ಬಿಟ್ಟಿದ್ದವು. ಹಾಗೇ ಸ್ವಿಚ್ ಹಾಕಿದರೆ ಹೊಗೆ ಬರುವುದೇ ಜಾಸ್ತಿ, ಮೊದಲು ಅವನ್ನು ಬದಲಿಸಿ. ಬದಲಿಸಿ ಹಾಕಿದಾಗ 'ಬೂ... ಬೀಪ್' ಅಂತು. "ತಮಾ, ಜೀವ ಇದ್ದು!" ಅಂದರು ಅಪ್ಪಚ್ಚಿ. ಆ ಖುಷಿಯಲ್ಲೇ ಅವಸರಕ್ಕೆ ಬಿದ್ದೆ.

ಹಿಂದಿನ ದುಂಡನೆಯ ಕಿಂಡಿಯಲ್ಲಿ ಆರು ಪಿನ್. ವಿಜಿಎಗೂ ಆರು ತಂತಿ ಸಾಕು: ಕೆಂಪು, ಹಸಿರು, ನೀಲಿ, ಎರಡು ಸಿಂಕ್ (ಗೆರೆ, ಚಿತ್ರ ಎಲ್ಲಿ ಶುರು ಅಂತ ಹೇಳುವ ಸಿಗ್ನಲ್), ಒಂದು ಗ್ರೌಂಡ್. ಲೆಕ್ಕ ಸರಿಹೋಯ್ತಲ್ಲ ಅಂತ ಪೇಟೆಯಲ್ಲಿ ಬೆಸುಗೆ ಹಾಕಿಸಿದೆ. ತಪ್ಪಿದ್ದು ಅಲ್ಲೇ. ಬಿಬಿಸಿಯಲ್ಲಿ ಸಿಂಕ್ ಒಂದೇ, ನಾಲ್ಕನೇ ಪಿನ್ನಿನಲ್ಲಿ. ಆರನೆಯದರಲ್ಲಿ ಇರುವುದು 5 ವೋಲ್ಟ್ ಕರೆಂಟು! ಬಣ್ಣದ ಪಿನ್ನುಗಳಿಂದ ಬರುವುದೂ ಟಿಟಿಎಲ್ ಮಟ್ಟದ (5 ವೋಲ್ಟ್ ಚಿಪ್ಪುಗಳ) ಡಿಜಿಟಲ್ ಸಿಗ್ನಲ್. ವಿಜಿಎ ಬಣ್ಣಕ್ಕೆ 0.7 ವೋಲ್ಟ್ ಅಷ್ಟೇ.

ಪರದೆಯಲ್ಲಿ 'ನೋ ಸಿಗ್ನಲ್'. ಪ್ಲಗ್ ಸಡಿಲ ಇರಬೇಕು ಅಂತ ಅರ್ಧ ಗಂಟೆ ಅಲ್ಲಾಡಿಸುತ್ತ ಕೂತೆ. ಆಮೇಲೆ ಅದೇ ಮಾನಿಟರನ್ನು ಲ್ಯಾಪ್‌ಟಾಪ್‌ಗೆ ಹಾಕಿದರೆ ಕೆಂಪು ಬಣ್ಣವೇ ಇಲ್ಲ. ಪರದೆ ಮೇಲಿನ ಅಮ್ಮನ ಫೋಟೋದಲ್ಲಿ ಮುಖ ಹಸಿರು, ಹಣೆಯ ಕುಂಕುಮ ಕಪ್ಪು. ನೋಡಿ ಹೊಟ್ಟೆ ಉರಿದುಹೋಯಿತು.

ತಂತಿ ಸರಿಯಾಗಿ ಬೆಸೆದಿದ್ದರೂ ಚಿತ್ರ ಬರುತ್ತಿರಲಿಲ್ಲ. ಬಿಬಿಸಿ ಸೆಕೆಂಡಿಗೆ 15,625 ಗೆರೆ ಬರೆಯುತ್ತದೆ. ಸಾಮಾನ್ಯ ವಿಜಿಎ ಮಾನಿಟರ್‌ಗೆ ಕಡಿಮೆ ಅಂದರೂ ಸುಮಾರು 31,500 ಬೇಕು.

ದಾರಿ ಪಕ್ಕದಲ್ಲೇ ಇತ್ತು. 'ವಿಡಿಯೋ ಔಟ್' ಅನ್ನುವ ಬಿಎನ್‌ಸಿ ಕಿಂಡಿಯಿಂದ ಟಿವಿಯ ಹಳದಿ ಎವಿಗೆ ಕೊಟ್ಟೆ, ಬಂತು. ಕಪ್ಪು-ಬಿಳುಪು, ಆದರೆ ಅಕ್ಷರ ಚೆನ್ನಾಗಿ ಓದಬಹುದು. ಅಪ್ಪಚ್ಚಿ ಕನ್ನಡಕ ಹಾಕಿಕೊಂಡು ಕೂತು ಬೇಸಿಕ್‌ನಲ್ಲಿ ಮಗ್ಗಿ ಬರೆಸಿದರು. ಬಣ್ಣ ಬೇಕು ಅನ್ನುವವರಿಗೆ ರಾಸ್ಪ್‌ಬೆರಿ ಪೈ ಝೀರೊ ಬಳಸುವ 'ಆರ್‌ಜಿಬಿ ಟು ಎಚ್‌ಡಿಎಂಐ' ಬೋರ್ಡ್ ಇದೆ, ಟಿಟಿಎಲ್ ಸಿಗ್ನಲ್‌ಗೆಂದೇ ಮಾಡಿದ್ದು. ಅಗ್ಗದ ಜಿಬಿಎಸ್-8200 ಎಂಬ ವಿಜಿಎ ಪರಿವರ್ತಕ ಬೋರ್ಡ್ ಕೂಡ 15 ಕಿಲೋಹರ್ಟ್ಸ್ (ಸೆಕೆಂಡಿಗೆ ಸುಮಾರು 15,000 ಗೆರೆ) ತೆಗೆದುಕೊಳ್ಳುತ್ತದೆ, ಆದರೆ ಅದಕ್ಕೂ ಟಿಟಿಎಲ್ ನೇರ ಕೊಡಬೇಡಿ, ವೋಲ್ಟೇಜ್ ಇಳಿಸಲು ನಡುವೆ ರೆಸಿಸ್ಟರ್ ಹಾಕಿ.