ಸಕಲೇಶಪುರ ಸ್ಟೇಷನ್: ಇಳಿದು ಕೂತು ನೋಡಬೇಕಾದ ಜಾಗ

ಐದಕ್ಕೆ ನಾಲ್ಕು ನಕ್ಷತ್ರ. ನಮ್ಮ ಮಾವನವರನ್ನು ಕೇಳಿದ್ದರೆ ಆರು ಕೊಡಿಸುತ್ತಿದ್ದರು.

ಮಾವ ಮೀಟರ್ ಗೇಜ್ (ಕಡಿಮೆ ಅಗಲದ ಹಳೇ ಹಳಿ) ಕಾಲದಲ್ಲಿ ಘಾಟಿಯೊಳಗಿನ ಎಡಕುಮೇರಿ ಸ್ಟೇಷನ್ ಕಡೆ ಗ್ಯಾಂಗ್‌ಮನ್, ಅಂದರೆ ಹಳಿ ನೋಡಿಕೊಳ್ಳೋ ಕೆಲಸಗಾರ ಆಗಿದ್ದವರು. ಈಗ ಮಂಡಿನೋವು, ಹಾಸನದ ಮನೆ ಜಗಲಿ ಬಿಟ್ಟು ಏಳೋದೇ ಅಪರೂಪ. "ಒಂದ್ಸಲ ಸಕಲೇಶಪುರದ ಯಾರ್ಡ್ ತೋರಿಸ್ಕೊಂಡು ಬಾರಮ್ಮ" ಅಂತ ವರ್ಷದಿಂದ ಕೇಳ್ತಿದ್ದರು. ಹೋದ ತಿಂಗಳು ಒಂದು ರಜೆ ದಿನ ಬೆಳಗಿನ ಗಾಡಿ ಹತ್ತಿಸಿದೆ.

ಹೆಚ್ಚಿನವರು ಈ ಊರಿನ ಹೆಸರು ಕೇಳಿರೋದು ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯಿಂದ. ಇಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಾಟಿ, 57 ಸುರಂಗ, 109 ಸೇತುವೆ. ಚೆಂದವೇ, ಇಲ್ಲ ಅನ್ನಲ್ಲ. ಆದರೆ ಗಾಡಿ ಇಲ್ಲಿ ನಿಂತಾಗ ಎಲ್ಲರೂ ವಡೆ ಹುಡುಕ್ತಾರೆ, ಯಾರ್ಡ್ ಕಡೆ ತಿರುಗಿಯೂ ನೋಡಲ್ಲ.

ನಾವು ಇಳಿದು ಪ್ಲಾಟ್‌ಫಾರಂನ ಬೆಂಚಲ್ಲಿ ಕೂತೆವು. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಘಾಟಿ ಕಡೆಯಿಂದ ಮೊದಲು ಸದ್ದು, ಎಷ್ಟೋ ಹೊತ್ತಾದ ಮೇಲೆ ಒಂದು ಗೂಡ್ಸ್. ಮುಂದೆ ಎಂಜಿನ್, ಹಿಂದೆಯೂ ಎಂಜಿನ್. ಹಿಂದಿನದಕ್ಕೆ ಬ್ಯಾಂಕರ್ ಅಂತಾರೆ, ಏರಿನಲ್ಲಿ ನೂಕೋಕೆ. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ, ಅಷ್ಟು ಏರು. ಬೈಕಿನವರಿಗೆ ಇದು ಲೆಕ್ಕಕ್ಕೇ ಇಲ್ಲ. ರೈಲಿಗೆ ಹಾಗಲ್ಲ, ಕಬ್ಬಿಣದ ಮೇಲೆ ಕಬ್ಬಿಣ ಉರುಳಬೇಕು, ಜಾರುತ್ತೆ, ಅದರ ಮೇಲೆ ಮಳೆ ಬೇರೆ.

ಸಕಲೇಶಪುರ ಸೇರಿದ ಮೇಲೆ ಬ್ಯಾಂಕರ್ ಕೆಲಸ ಮುಗೀತು, ಕಳಚಬೇಕು. ಕಿತ್ತಳೆ ಜಾಕೆಟಿನ ಹುಡುಗ ಒಬ್ಬ ಬಗ್ಗಿ ಒಳಗೆ ಹೋದ, ಗಾಳಿ ತಡೆಯೋ ಕಾಕ್ ತಿರುಗಿಸಿದ, ಬ್ರೇಕಿನ ಗಾಳಿ ಹೋಸ್ ಬಿಚ್ಚಿದ. ಬುಸ್! ಹಾವಾಡಿಗನ ಬುಟ್ಟಿ ತೆಗೆದ ಹಾಗೆ. ಮಾವ ನನ್ನ ಮೊಣಕೈ ತಿವಿದರು. "ನಮ್ ಕಾಲ್ದಲ್ಲಿ ವ್ಯಾಕ್ಯೂಮ್ ಬ್ರೇಕು ಕಣಮ್ಮ. ಬಿಚ್ಚಿದ್ರೆ ಪೈಪು ಗಾಳಿ ಒಳಕ್ಕೆ ಎಳ್ಕೊಳ್ಳದು. ಇದು ಒತ್ತಿ ತುಂಬಿದ ಗಾಳಿ, ಹೊರಕ್ಕೆ ಉಗೀತದೆ." ಮದುವೆಯಾಗಿ ಹತ್ತೊಂಬತ್ತು ವರ್ಷ, ಅವರು ನನಗೆ ಕೆಲಸದ ವಿಷಯ ಹೇಳಿದ್ದು ಅದೇ ಮೊದಲು.

ಆಮೇಲೆ ಬಾಯಿ ನಿಲ್ಲಲಿಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ ಪೂರ್ತಿಯಾಗಿದ್ದು 1979ರಲ್ಲಿ. 1996ರಲ್ಲಿ ಬ್ರಾಡ್‌ಗೇಜ್ ಮಾಡ್ತೀವಿ ಅಂತ ನಿಲ್ಲಿಸಿದವರು ಮತ್ತೆ ಜನರ ಗಾಡಿ ಬಿಟ್ಟಿದ್ದು 2007ರ ಡಿಸೆಂಬರಿನಲ್ಲಿ. ಹಳಿ 1,000 ಮಿ.ಮೀ.ನಿಂದ 1,676ಕ್ಕೆ ಅಗಲವಾಯಿತು. ಮಾವ ಅದನ್ನು ಎರಡು ಕೈ ಚಾಚಿ ತೋರಿಸಿದರು, ಪಕ್ಕದವರ ಕಾಫಿ ಲೋಟ ಉರುಳಿತು. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿದಾಗ ಮಾವ ಟಿ.ವಿ. ಮುಂದೆ ಊಟ ಬಿಟ್ಟು ಕೂತಿದ್ದು ಯಾಕೆ ಅಂತ ನನಗೆ ಈಗ ಗೊತ್ತಾಯಿತು. ಆ ಬದಿಯ ಮಣ್ಣಿನ ಗುಣ ಅವರಿಗೆ ಪಿಕಾಸಿಯಲ್ಲಿ ಗೊತ್ತು.

ಕಳೆದ ಒಂದು ನಕ್ಷತ್ರ ವೇಳಾಪಟ್ಟಿಗೆ. ಹಗಲಿನ ಗಾಡಿ ಕಡಿಮೆ, ನೋಡಿಕೊಂಡೇ ಹೊರಡಿ. ರಾತ್ರಿ ಗಾಡಿ ಹತ್ತಿದರೆ 57 ಸುರಂಗವೂ ಒಂದೇ ಸುರಂಗ. ಮಳೆಗಾಲವಾದರೆ ಛತ್ರಿ ಜೊತೆ ಸ್ವಲ್ಪ ಉಪ್ಪು ಇಟ್ಕೊಳ್ಳಿ, ನನ್ನ ಚಪ್ಪಲಿ ಪಟ್ಟಿಯಡಿ ಉಂಬಳ ಹಾಸನದವರೆಗೂ ಪ್ರಯಾಣ ಮಾಡಿತ್ತು. ಹಳಿ ಮೇಲೆ ನಡೆದು ರೀಲ್ಸ್ ಮಾಡೋ ಆಸೆ ಇದ್ದರೆ ಬರಲೇಬೇಡಿ. ಅದು ಅಪರಾಧ, ಅಲ್ಲದೆ ನಮ್ಮ ಮಾವ ಅಲ್ಲಿದ್ದರೆ ದಂಡಕ್ಕಿಂತ ಮೊದಲು ಬೈಗುಳ ಬೀಳುತ್ತೆ. ಊರೊಳಗೆ ಒಂದು ಹೋಟೆಲಿನಲ್ಲಿ ಕಾಫಿ ಸೀಮೆಯ ನಡುವೆ ಕೂತು ಇನ್‌ಸ್ಟಂಟ್ ಕಾಫಿ ಕುಡಿದ ಕರ್ಮದ ಬಗ್ಗೆ ಬೇರೆ ಬರೀತೀನಿ.

ವಾಪಸ್ ಬಸ್ಸಲ್ಲಿ ಕರ್ಕೊಂಡು ಬಂದೆ, ಗಾಡಿಗೆ ಕಾದರೆ ಕತ್ತಲಾಗುತ್ತಿತ್ತು. ಮಾವ ಬಾಳ್ಳುಪೇಟೆ ದಾಟೋವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.