ಒಂದೇ ಫಿಲ್ಟರ್, ಮೂರು ಉಪಕರಣ: ಇನ್‌ಹೇಲರ್ ಔಷಧದಲ್ಲಿ ಹೊರಗಿನ ಕಣಗಳ ಗುರುತು

ಉಸಿರಿನೊಂದಿಗೆ ಒಳಗೆಳೆದುಕೊಳ್ಳುವ ಔಷಧಗಳಲ್ಲಿ ಮತ್ತು ಮೂಗಿನ ಸ್ಪ್ರೇಗಳಲ್ಲಿ ಸೇರಿಕೊಂಡ ಹೊರಗಿನ ಕಣಗಳನ್ನು ಎಣಿಸುವುದಕ್ಕಿಂತ ಅವು ಯಾವ ವಸ್ತುವಿನವು ಎಂದು ತಿಳಿಯುವುದು ಕಷ್ಟದ ಕೆಲಸ. ಅದು ತಿಳಿಯದೆ ಕಣ ಕವಾಟದ ರಬ್ಬರಿನಿಂದ ಬಂದದ್ದೋ, ಸ್ಪ್ರಿಂಗಿನ ಉಕ್ಕಿನಿಂದ ಬಂದದ್ದೋ, ರಟ್ಟಿನ ಪೆಟ್ಟಿಗೆಯಿಂದ ಬಂದದ್ದೋ ಎಂದು ಹೇಳಲಾಗದು. ಇದಕ್ಕಾಗಿ ಪ್ರತಿ ಔಷಧವನ್ನೂ ಸೋಸಿದ ಒಂದೇ ಫಿಲ್ಟರಿನ ಕಣಗಳನ್ನು ರಾಮನ್ ಸೂಕ್ಷ್ಮದರ್ಶಕ (ಲೇಸರ್ ಬೆಳಕು ಚದುರುವ ರೀತಿಯಿಂದ ವಸ್ತುವನ್ನು ಗುರುತಿಸುವಂಥದ್ದು), ಎಫ್‌ಟಿಐಆರ್ ಸೂಕ್ಷ್ಮದರ್ಶಕ (ವಸ್ತು ಅವಕೆಂಪು ಬೆಳಕನ್ನು ಹೀರುವ ರೀತಿಯಿಂದ ಗುರುತಿಸುವಂಥದ್ದು) ಮತ್ತು ಎಸ್‌ಇಎಂ-ಇಡಿಎಕ್ಸ್ (ಕಣದಲ್ಲಿರುವ ಮೂಲಧಾತುಗಳನ್ನು ಎಕ್ಸ್-ಕಿರಣಗಳಿಂದ ತಿಳಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಮೂರರಲ್ಲೂ ಇಟ್ಟು ನೋಡಿದೆ.

ಸಣ್ಣ ಕಣಗಳಿಗೆ ರಾಮನ್‌ಗೆ ಸಾಟಿಯಿಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಸುಮಾರು 1ರಿಂದ 5 ಮೈಕ್ರೋಮೀಟರ್ ಗಾತ್ರದ ಕಣಗಳಾದ್ದರಿಂದ, 1 ಮೈಕ್ರೋಮೀಟರ್‌ವರೆಗೂ ಫಿಲ್ಟರಿನ ಮೇಲೆಯೇ ರೋಹಿತ (ವಸ್ತುವಿನ ಗುರುತು ಹೇಳುವ ಬೆಳಕಿನ ನಕ್ಷೆ) ಕೊಡುವ ಈ ಉಪಕರಣವನ್ನೇ ಮೂರರಲ್ಲಿ ನಾನು ಮೊದಲು ಬಳಸುತ್ತೇನೆ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಚೂರುಗಳನ್ನು ಅದು ತಡವಿಲ್ಲದೆ ಗುರುತಿಸಿತು. ಆದರೆ ಕಪ್ಪು ರಬ್ಬರಿನ ಕಣವೊಂದು ಲೇಸರ್ ಬೀಳುತ್ತಲೇ ಸುಟ್ಟುಹೋಯಿತು. ಬಣ್ಣದ ನಾರುಗಳಲ್ಲಿ ಪ್ರತಿದೀಪ್ತಿಯೇ (ಲೇಸರ್ ಬಿದ್ದಾಗ ವಸ್ತು ತಾನೇ ಹೊರಸೂಸುವ ಬೆಳಕು) ರೋಹಿತವನ್ನು ಮುಚ್ಚಿಬಿಟ್ಟಿತು.

ಆ ನಾರುಗಳಿಗೆ ಪ್ರತಿದೀಪ್ತಿಯ ತೊಂದರೆಯಿಲ್ಲದ ಎಫ್‌ಟಿಐಆರ್ ನೆರವಾಯಿತು. ಸುಮಾರು 10 ಮೈಕ್ರೋಮೀಟರ್‌ಗಿಂತ ಚಿಕ್ಕ ಕಣಗಳಲ್ಲಿ ಮಾತ್ರ ಅದರ ರೋಹಿತವನ್ನು ನಂಬುವುದು ಕಷ್ಟ, ಮತ್ತು ಕಣವನ್ನು ಸೂಜಿಯಿಂದ ಎತ್ತಿ ವಜ್ರದ ಫಲಕದ ಮೇಲೆ ಒತ್ತಬೇಕಾದಾಗ ಬಹಳ ತಾಳ್ಮೆ ಬೇಕು. ಮೂಗಿನ ಸಸ್ಪೆನ್ಷನ್‌ನಲ್ಲಿ (ಔಷಧದ ಕಣಗಳು ದ್ರವದಲ್ಲಿ ತೇಲುವ ಸ್ಪ್ರೇ) ಸಿಕ್ಕ ಒಂದು ನಾರು ಸೆಲ್ಯುಲೋಸ್ ಎಂದು ಅದು ಸರಿಯಾಗಿಯೇ ಹೇಳಿತು. ಆದರೆ ಆ ಔಷಧದಲ್ಲಿ ಸೂಕ್ಷ್ಮಸ್ಫಟಿಕ ಸೆಲ್ಯುಲೋಸ್ ಸಹವಸ್ತುವಾಗಿಯೇ (ಔಷಧದ ಜೊತೆ ಬೇಕೆಂದೇ ಸೇರಿಸಿದ ವಸ್ತು) ಇರುವುದರಿಂದ ರೋಹಿತವೊಂದೇ ಸಾಲದಾಯಿತು. ಕೊನೆಗೆ ಧ್ರುವೀಕೃತ ಬೆಳಕಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಂಡ ಉದ್ದನೆಯ, ಚಪ್ಪಟೆಯಾದ, ತಿರುಚಿದ ಆಕಾರವೇ ಅದು ಹೊರಗಿನ ಕಾಗದದ ನಾರೆಂದು ತೋರಿಸಿತು. ದುಬಾರಿ ಉಪಕರಣದ ಉತ್ತರವನ್ನು ಕಣ್ಣಿನಿಂದ ಪರಿಶೀಲಿಸದೆ ವರದಿಗೆ ಬರೆಯಬಾರದೆಂಬ ನನ್ನ ಹಟಕ್ಕೆ ಇದೇ ಕಾರಣ.

ಲೋಹಕ್ಕೆ ಈ ಎರಡೂ ಮೂಕ. ಅಲ್ಲಿ ಎಸ್‌ಇಎಂ-ಇಡಿಎಕ್ಸ್ ಅನಿವಾರ್ಯ: ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಜೊತೆಗೆ 2ರಿಂದ 3 ಶೇಕಡಾ ಮಾಲಿಬ್ಡಿನಂ ಕಂಡರೆ ಅದು ತುಕ್ಕುಹಿಡಿಯದ ಉಕ್ಕಿನ 304 ಅಲ್ಲ, 316 ದರ್ಜೆಗೆ ಹೊಂದುತ್ತದೆ, ಹುಡುಕಾಟವೂ ಅಷ್ಟರಮಟ್ಟಿಗೆ ಕಿರಿದಾಗುತ್ತದೆ. ರಾಮನ್‌ನಲ್ಲಿ ಸುಟ್ಟದ್ದರ ಪಕ್ಕದಲ್ಲಿದ್ದ ಇನ್ನೊಂದು ರಬ್ಬರ್ ಕಣದಲ್ಲಿ ಇದು ಸತು, ಗಂಧಕ, ಸಿಲಿಕಾನ್ ತೋರಿಸಿದ್ದರಿಂದ ಕವಾಟದ ಗ್ಯಾಸ್ಕೆಟ್‌ನೊಂದಿಗೆ ಹೋಲಿಸಲು ಸಾಧ್ಯವಾಯಿತು. ಪ್ಲಾಸ್ಟಿಕ್ಕಿಗೂ ಹತ್ತಿಗೂ ಮಾತ್ರ ಇದು ಇಂಗಾಲ, ಆಮ್ಲಜನಕ ಎಂದಷ್ಟೇ ಹೇಳುತ್ತದೆ.

ಬೆಳಕಿನ ಸೂಕ್ಷ್ಮದರ್ಶಕ, ರಾಮನ್, ಎಫ್‌ಟಿಐಆರ್, ಕೊನೆಗೆ ಎಸ್‌ಇಎಂ ಎಂಬ ಕ್ರಮವನ್ನು ನಾನು ಬದಲಿಸುವುದಿಲ್ಲ, ಏಕೆಂದರೆ ಎಸ್‌ಇಎಂಗಾಗಿ ಒಮ್ಮೆ ಚಿನ್ನದ ಲೇಪ ಕೊಟ್ಟ ಕಣದಿಂದ ಮತ್ತೆ ಒಳ್ಳೆಯ ರೋಹಿತ ಪಡೆಯುವುದು ಕಷ್ಟ.