ಹೀಟರಿನ ತಿರುಗಣೆಯ ಮೇಲಿನ ಅಂಕಿಯನ್ನು ನಂಬಿ ಮೀನುಗಳನ್ನು ಕಳೆದುಕೊಳ್ಳಬೇಡಿ

ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರು, ಅದರಲ್ಲಿಯೂ ಶಿರಸಿ, ಸಿದ್ದಾಪುರ, ಯಲ್ಲಾಪುರದಂತಹ ಘಟ್ಟದ ಮೇಲಿನ ಊರುಗಳಲ್ಲಿ ಚಳಿಗಾಲಕ್ಕೆಂದು ಹೀಟರ್ ಬಳಸುವವರು ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕು. ಕಳೆದ ಸಂಕ್ರಾಂತಿಯ ಹಿಂದಿನ ವಾರ, ನನ್ನ ತೊಟ್ಟಿಯಲ್ಲಿದ್ದ ಹದಿನೇಳು ಮೀನುಗಳಲ್ಲಿ ಹದಿನಾಲ್ಕು ಒಂದೇ ದಿನದಲ್ಲಿ ಸತ್ತವು. ಅವುಗಳಿಗೆ ರೋಗವಿರಲಿಲ್ಲ, ನೀರೂ ಕೆಟ್ಟಿರಲಿಲ್ಲ. ಅವು ಬೆಚ್ಚಗಿರಲಿ ಎಂದು ನಾನೇ ಇಟ್ಟ ಹೀಟರ್ ಅವುಗಳನ್ನು ಕೊಂದಿತು.

ಆ ಮೀನುಗಳಲ್ಲಿ ಹೆಚ್ಚಿನವು ಕಾರವಾರದ ಅಕ್ಕನ ಮನೆಯಿಂದ ಬಂದವು. ಕರಾವಳಿಯಲ್ಲಿ ನೀರು ತಾನಾಗಿಯೇ ಬೆಚ್ಚಗಿರುವುದರಿಂದ ಅಕ್ಕ ಎಂದೂ ಹೀಟರ್ ಇಟ್ಟವಳಲ್ಲ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಸಂಗತಿ ಬೇರೆ. ಇಲ್ಲಿ ಪುಷ್ಯ ಮಾಸದ ಕೆಲವು ರಾತ್ರಿ ಚಳಿ 15 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ, ಹಂಚಿನ ಮನೆಯ ಜಗುಲಿಯಲ್ಲಿಟ್ಟ ತೊಟ್ಟಿ ಬೆಳಗಾಗುವಷ್ಟರಲ್ಲಿ ಕೊರೆಯುತ್ತದೆ. ಏಂಜೆಲ್ ಮೀನಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ನೀರು ಒಮ್ಮೆಲೇ ತಣ್ಣಗಾದರೆ ಮೈಮೇಲೆ ಉಪ್ಪು ಉದುರಿಸಿದಂತೆ ಕಾಣುವ ಬಿಳಿ ಚುಕ್ಕೆ ರೋಗ ಬರುವ ಸಂಭವ ಹೆಚ್ಚು. ಆದ್ದರಿಂದ ಹೀಟರ್ ಬೇಕೇ ಬೇಕಿತ್ತು. ತೊಟ್ಟಿ 100 ಲೀಟರಿನದು. ದೊಡ್ಡದಿದ್ದರೆ ಒಳ್ಳೆಯದು ಎಂಬ ಅಂಗಡಿಯವರ ಮಾತು ಕೇಳಿ 200 ವ್ಯಾಟಿನದನ್ನು ತಂದೆ. ಮೊದಲ ತಪ್ಪು ಅಲ್ಲಿಯೇ ಆಯಿತು.

ಎರಡನೆಯದು, ಉಷ್ಣತೆ ನೋಡಲು ಗಾಜಿನ ಹೊರಮೈಗೆ ಅಂಟಿಸುವ ಬಣ್ಣದ ಪಟ್ಟಿಯೊಂದನ್ನೇ ನೆಚ್ಚಿಕೊಂಡದ್ದು. ಆ ಪಟ್ಟಿಯ ಒಂದು ಮೈಗೆ ಗಾಜು ತಾಗಿದರೆ ಇನ್ನೊಂದು ಮೈಗೆ ಕೋಣೆಯ ಗಾಳಿ ತಾಗುತ್ತದೆ. ಹಾಗಾಗಿ ಚಳಿಯಲ್ಲಿ ಅದು ನೀರಿನ ನಿಜವಾದ ಉಷ್ಣತೆಗಿಂತ ಕಡಿಮೆಯನ್ನೇ ತೋರಿಸುತ್ತದೆ. ನನ್ನ ಪಟ್ಟಿ ದಿನವೂ ಬೆಳಿಗ್ಗೆ 23 ಎನ್ನುತ್ತಿತ್ತು, ನಾನು ಹೀಟರಿನ ತಿರುಗಣೆಯನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಿರುಗಿಸುತ್ತಿದ್ದೆ. ನೀರು ಆಗಲೇ ಎಷ್ಟಿತ್ತೆಂಬುದು ನನಗೆ ಗೊತ್ತೇ ಇರಲಿಲ್ಲ.

ಆ ಸಂಜೆ ಹೀಟರಿನ ಕೆಂಪು ದೀಪ ಒಂದೇ ಸಮನೆ ಉರಿಯುತ್ತಿದ್ದುದನ್ನು ನಾನು ನೋಡಿದ್ದೆ. ಚಳಿ ಹೆಚ್ಚಾಗಿದೆ, ಅದಕ್ಕೇ ಆರುತ್ತಿಲ್ಲ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಏಳು ಗಂಟೆಗೆ ಬಂದು ನೋಡಿದರೆ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು, ಕಿವಿರುಗಳು ಎಣಿಸಲಾಗದಷ್ಟು ವೇಗವಾಗಿ ಬಡಿದುಕೊಳ್ಳುತ್ತಿದ್ದವು, ತಳದಲ್ಲಿ ಆಗಲೇ ಐದು ನಿಯಾನ್ ಟೆಟ್ರಾಗಳು ಬಣ್ಣ ಕಳೆದುಕೊಂಡು ಬಿದ್ದಿದ್ದವು. ಪಟ್ಟಿಯ ಮೇಲೆ ಒಂದು ಅಂಕಿಯೂ ಇರಲಿಲ್ಲ, ಪೂರ್ತಿ ಕಪ್ಪು. ಕೆಟ್ಟಿರಬೇಕು ಎಂದೇ ಭಾವಿಸಿದೆ. ಅದು ಕೆಟ್ಟಿರಲಿಲ್ಲ, ಅದರಲ್ಲಿ ಮುದ್ರಿಸಿದ ಕೊನೆಯ ಅಂಕಿ 34, ನೀರು ಅದನ್ನೂ ದಾಟಿತ್ತು. ಪ್ಲಗ್ ಕಿತ್ತು ಕೈ ಅದ್ದಿದರೆ ಬಚ್ಚಲ ಹಂಡೆಯಿಂದ ತೋಡಿ ಹದ ಮಾಡಿದ ನೀರಿನಂತಿತ್ತು. ಮನೆಯಲ್ಲಿದ್ದ ಜ್ವರ ನೋಡುವ ಥರ್ಮಾಮೀಟರನ್ನು ಅದ್ದಿದಾಗ ಅದು 96 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಅಂದರೆ ಸುಮಾರು 35.5 ಸೆಲ್ಸಿಯಸ್. ಮೀನಿನ ತೊಟ್ಟಿಯಲ್ಲಿ ಜ್ವರದ ಥರ್ಮಾಮೀಟರ್ ಓದಲು ಸಿಗುವಷ್ಟು ನೀರು ಬಿಸಿಯಾಗಿತ್ತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಇಂತಹ ನೀರಿನಲ್ಲಿ ಮೀನು ಎರಡು ಕಡೆಯಿಂದ ಸಿಕ್ಕಿಬೀಳುತ್ತದೆ. ಬಿಸಿ ಏರಿದಂತೆ ಅದರ ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ, ನೀರು ಹಿಡಿದಿಡುವ ಆಮ್ಲಜನಕವೋ ಕಡಿಮೆಯಾಗುತ್ತ ಹೋಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರಬಲ್ಲದ್ದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ.

ಗಾಬರಿಯಲ್ಲಿ ನಾನು ಮಾಡಿದ ಮೂರನೆಯ ತಪ್ಪು ಉಳಿದವುಗಳಲ್ಲಿಯೂ ಹೆಚ್ಚಿನವನ್ನು ಬಲಿ ತೆಗೆದುಕೊಂಡಿತು. ಬಾವಿಯಿಂದ ಆಗಷ್ಟೇ ಸೇದಿದ ಎರಡು ಕೊಡ ತಣ್ಣೀರನ್ನು ಒಟ್ಟಿಗೆ ಸುರಿದುಬಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ದೊಡ್ಡ ಏಂಜೆಲ್ ಮೀನು ಒಂದು ಪಕ್ಕಕ್ಕೆ ವಾಲಿ ಸುತ್ತತೊಡಗಿತು, ಮಧ್ಯಾಹ್ನದೊಳಗೆ ಇನ್ನೂ ಒಂಬತ್ತು ಹೋದವು. ಆಗ ಮಾಡಬೇಕಾದದ್ದು ಇಷ್ಟು: ಪ್ಲಗ್ ಕೀಳುವುದು, ಮುಚ್ಚಳ ತೆಗೆಯುವುದು, ಏರ್ ಪಂಪನ್ನು ಪೂರ್ತಿ ಬಿಡುವುದು, ನೀರಿನ ಮೇಲ್ಮೈಗೆ ತಾಗುವಂತೆ ಟೇಬಲ್ ಫ್ಯಾನ್ ಹಾಕುವುದು, ಹದವಾದ ನೀರನ್ನು ಚೊಂಬಿನಲ್ಲಿ ಆಗಾಗ ಸೇರಿಸುತ್ತ ಗಂಟೆಗೆ ಒಂದೆರಡು ಡಿಗ್ರಿಯಂತೆ ಇಳಿಸುವುದು. ಕರಾವಳಿಯವರಿಗೆ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿಯೂ ಇದೇ ಕ್ರಮ ಬೇಕಾಗುತ್ತದೆ. ಆದರೆ ಫ್ಯಾನ್ ತಂಪು ಮಾಡುವುದು ನೀರು ಆವಿಯಾಗುವುದರಿಂದ, ಕಾರವಾರದ ಒದ್ದೆ ಗಾಳಿಯಲ್ಲಿ ಅದು ಅಷ್ಟಾಗಿ ಫಲ ಕೊಡುವುದಿಲ್ಲ.

ಆಮೇಲೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರಿಂದ ಆ ಹೀಟರನ್ನು ಬಿಚ್ಚಿಸಿ ನೋಡಿದೆ. ಗಾಜಿನ ಕೊಳವೆಯ ತಲೆಭಾಗದಲ್ಲಿ ಎರಡು ಲೋಹಗಳನ್ನು ಬೆಸೆದ ತೆಳು ಪಟ್ಟಿಯಿರುತ್ತದೆ. ಬಿಸಿಯಾದಾಗ ಅದು ಬಾಗಿ ವಿದ್ಯುತ್ತನ್ನು ಕಡಿಯುತ್ತದೆ, ತಣ್ಣಗಾದಾಗ ಮತ್ತೆ ತಾಗುತ್ತದೆ. ಹೀಗೆ ತಾಗಿ ಬಿಡುವಾಗ ಸಣ್ಣ ಕಿಡಿ ಹಾರುತ್ತದೆ. ನನ್ನದರಲ್ಲಿ ಆ ಎರಡು ತುದಿಗಳು ಕಪ್ಪಾಗಿ ಒಂದಕ್ಕೊಂದು ಕಚ್ಚಿಕೊಂಡಿದ್ದವು, ಉಗುರಿನಿಂದ ಎಬ್ಬಿಸಿದರೂ ಬಿಡಲಿಲ್ಲ. ತಿರುಗಣೆಯನ್ನು ಎಷ್ಟಕ್ಕೆ ಇಟ್ಟಿದ್ದರೂ ಅದು ಆರುತ್ತಿರಲಿಲ್ಲ. 200 ವ್ಯಾಟಿನ ಹೀಟರ್ 100 ಲೀಟರ್ ನೀರನ್ನು, ಹೊರಗೆ ಸೋರುವ ಬಿಸಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಗಂಟೆಗೆ ಸುಮಾರು 1.7 ಡಿಗ್ರಿ ಏರಿಸುತ್ತದೆ. ರಾತ್ರಿ ದೊಡ್ಡದು.

ಈಗ ನಾನು 50 ವ್ಯಾಟಿನ ಎರಡು ಹೀಟರುಗಳನ್ನು ತೊಟ್ಟಿಯ ಎರಡು ತುದಿಗಳಲ್ಲಿ ಇಟ್ಟಿದ್ದೇನೆ. ಒಂದು ಕಚ್ಚಿಕೊಂಡರೂ ಅದು ಗಂಟೆಗೆ ಅರ್ಧ ಡಿಗ್ರಿಯನ್ನೂ ಏರಿಸಲಾರದು, ಅದರಲ್ಲಿ ಬಹುಪಾಲನ್ನು ನಮ್ಮ ಜಗುಲಿಯ ಚಳಿಯೇ ತಿನ್ನುತ್ತದೆ. ಎರಡೂ ಒಂದು ಪ್ರತ್ಯೇಕ ಕಂಟ್ರೋಲರಿನ, ಅಂದರೆ ನೀರಿನ ಉಷ್ಣತೆ ನೋಡಿ ಹೀಟರುಗಳಿಗೆ ವಿದ್ಯುತ್ ಕೊಟ್ಟು ನಿಲ್ಲಿಸುವ ಸಾಧನದ, ಮೂಲಕ ನಡೆಯುತ್ತವೆ. ಕಂಟ್ರೋಲರ್ 26ಕ್ಕೆ, ಹೀಟರುಗಳ ತಿರುಗಣೆ 28ಕ್ಕೆ. ಒಂದು ಕೈಕೊಟ್ಟರೆ ಇನ್ನೊಂದು ತಡೆಯಬೇಕು ಎಂಬ ಉದ್ದೇಶ. ಕಂಟ್ರೋಲರಿನ ಸೆನ್ಸರ್ ವೈರ್ ನೀರಿನಿಂದ ಹೊರಗೆ ಜಾರಿದರೆ ಅದು ಕೋಣೆಯ ಚಳಿಯನ್ನೇ ನೀರಿನ ಚಳಿಯೆಂದು ತಿಳಿದು ಕಾಯಿಸುತ್ತಲೇ ಇರುತ್ತದೆ, ಆದ್ದರಿಂದ ಅದನ್ನು ತಳದ ಹತ್ತಿರ ಭದ್ರವಾಗಿ ಕಚ್ಚಿಸಿದ್ದೇನೆ. ನೀರೊಳಗೆ ಮುಳುಗುವ ಗಾಜಿನ ಥರ್ಮಾಮೀಟರ್ ಹೀಟರಿನಿಂದ ದೂರದಲ್ಲಿದೆ. ಕೊಂಡು ತಂದ ದಿನವೇ ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ಅದರಲ್ಲಿಟ್ಟು ಪರೀಕ್ಷಿಸಿದೆ. ಸೊನ್ನೆ ತೋರಿಸಬೇಕಾದದ್ದು ಒಂದು ಡಿಗ್ರಿ ಹೆಚ್ಚು ತೋರಿಸಿತು, ಅಷ್ಟನ್ನು ಕಳೆದು ಓದುತ್ತೇನೆ.

ತೊಟ್ಟಿಗೆ ಕೈ ಹಾಕುವ ಮೊದಲು ಪ್ಲಗ್ ಕೀಳದೆ ಇರಬೇಡಿ. ಕೊಳವೆ ಒಡೆದಿದ್ದರೆ ಅಪಾಯ ಮೀನಿಗಷ್ಟೇ ಅಲ್ಲ, ನಿಮಗೂ ಇದೆ. ತೊಟ್ಟಿಯ ವಿದ್ಯುತ್ ಸಾಲಿಗೆ, ಸೋರಿಕೆಯಾದ ಕೂಡಲೇ ವಿದ್ಯುತ್ತನ್ನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿಕೊಳ್ಳಿ. ನೀರು ಬದಲಿಸುವಾಗ ಹೀಟರ್ ಗಾಳಿಗೆ ತೆರೆದುಕೊಳ್ಳುವುದಿದ್ದರೆ ಕಾಲು ಗಂಟೆ ಮೊದಲೇ ಆರಿಸಿ, ಇಲ್ಲವಾದರೆ ಗಾಜು ಸೀಳುತ್ತದೆ.

ಬಿಚ್ಚಿಸಿದ ಹಳೆಯ ಹೀಟರಿನ ವೈರನ್ನು ತುಂಡು ಮಾಡಿಯೇ ಕಸಕ್ಕೆ ಹಾಕಿದೆ. ಹೊರಗಿನಿಂದ ಅದು ಹೊಸದರಂತೆಯೇ ಕಾಣುತ್ತಿತ್ತು, ಯಾರಾದರೂ ಎತ್ತಿಕೊಂಡು ಹೋಗಿ ಮತ್ತೊಂದು ತೊಟ್ಟಿಯಲ್ಲಿ ಇಟ್ಟಾರು ಎಂಬ ಭಯವಿತ್ತು.